ಹಂದಿಗೆ ಹಾಕಿದ ಉರುಳು

"ನೀನು ತಿನ್ನೋ ಕೋಳಿ ಕುತ್ತಿಗೆ ಯಾರು ಕುಯ್ತಾರೆ ಅಂತ ಒಂದ್ ದಿನಾನಾದ್ರೂ ನಿಂತು ನೋಡಿದ್ದೀಯೇನಮ್ಮ?"

ಹೊಸತೊಡಕಿನ ಬೆಳಿಗ್ಗೆ ಅಣ್ಣ, ಅಂದರೆ ನನ್ನ ದೊಡ್ಡಪ್ಪನ ಮಗ, ನನ್ನನ್ನು ಕೇಳಿದ ಮಾತಿದು. ಐದು ದಿನ ಆಯ್ತು. ತುಮಕೂರಿಗೆ ವಾಪಸ್ ಬಂದಿದ್ದೇನೆ, ಕೆಲಸಕ್ಕೆ ಹೋಗುತ್ತಿದ್ದೇನೆ. ಆದರೂ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅದೇ ಮಾತು ಕಿವಿಯಲ್ಲಿ. ಆವತ್ತು ನಾನು ಉತ್ತರ ಕೊಡಲಿಲ್ಲ. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಜಗಳ ಶುರುವಾಗಿದ್ದು ಕರಿಯನಿಂದ. ಕರಿಯ ನಮ್ಮ ತವರುಮನೆಯ ನಾಯಿ. ಯುಗಾದಿ ರಾತ್ರಿ ಒಂಬತ್ತರ ಹೊತ್ತಿಗೆ ಅಮ್ಮ ಕೊಟ್ಟ ಒಬ್ಬಟ್ಟು ತಿಂದು ಹೊಲದ ಕಡೆ ಹೋದವನು ಮನೆಗೆ ಬರಲೇ ಇಲ್ಲ. ಬೆಳಿಗ್ಗೆ ಐದೂವರೆಗೆ ತಮ್ಮನ ಮಗನನ್ನು ಕರೆದುಕೊಂಡು ನಾನೇ ಹುಡುಕಲು ಹೊರಟೆ. ಅಣ್ಣನ ಕಡಲೆಕಾಯಿ ಹೊಲದ ಬದುವಿನಲ್ಲಿ ಒಂದು ಹೊಂಗೆ ಮರ ಇದೆ. ಅದರ ಬುಡದಿಂದ ಸಣ್ಣಗೆ ಕುಂಯ್‌ಗುಟ್ಟುವುದು ಕೇಳಿಸಿತು.

ಬೈಕಿನ ಕ್ಲಚ್ ವೈರು. ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಅವನ ಸೊಂಟಕ್ಕೆ. ರಾತ್ರಿಯೆಲ್ಲಾ ಎಳೆದಾಡಿದ್ದಾನೆ. ಮರದ ಸುತ್ತ ಹುಲ್ಲು ಸವೆದು, ಮಣ್ಣು ಕಿತ್ತು, ಒಂದು ಚಕ್ರವೇ ಆಗಿತ್ತು. ನಮ್ಮನ್ನು ನೋಡಿದ್ದೇ ತಡ, ಖುಷಿಗೆ ನಮ್ಮ ಕಡೆ ಬರಲು ನೋಡಿದ. ಬಂದಷ್ಟೂ ವೈರು ಬಿಗಿಯಾಯ್ತು. "ಬರಬೇಡ, ಬರಬೇಡ" ಅಂತ ನಾನು ಕೂಗುತ್ತಿದ್ದೇನೆ, ಅವನು ಬರುತ್ತಲೇ ಇದ್ದಾನೆ. ಕಣ್ಣು ಮುಚ್ಚಿದರೆ ಈಗಲೂ ಅದೇ ಕಾಣುತ್ತದೆ. ಆ ಮಣ್ಣಿನ ಚಕ್ರ, ಅದರ ಅಂಚಿನಲ್ಲಿ ನಮ್ಮ ಕಡೆ ಜಗ್ಗುತ್ತಿರುವ ನಾಯಿ.

ಹುಡುಗ ಓಡಿಹೋಗಿ ಅಣ್ಣನನ್ನೇ ಕರೆತಂದ. ಅಣ್ಣ ಕಟಿಂಗ್ ಪ್ಲೇಯರ್ ತಂದು ವೈರು ಕತ್ತರಿಸಿದ. ಅವನ ಕೈ ನಡುಗುತ್ತಿತ್ತು. ತನ್ನ ಪಂಚೆಯಲ್ಲೇ ಕರಿಯನನ್ನು ಸುತ್ತಿ, ಬೈಕಿನಲ್ಲಿ ನನ್ನ ತೊಡೆ ಮೇಲೆ ಮಲಗಿಸಿ, ಹೋಬಳಿ ಊರಿಗೆ ಹೊಡೆದ. ಹಬ್ಬದ ಮಾರನೇ ದಿನವಾದರೂ ಪಶುವೈದ್ಯರು ಮನೆಯಲ್ಲೇ ಸಿಕ್ಕರು. ಹೊಲಿಗೆ ಹಾಕಿ, "ಚರ್ಮ ದಾಟಿ ಒಳಗೆ ಹೋಗಿದೆ. ಮೂತ್ರ ಸರಿಯಾಗಿ ಹೋಗುತ್ತಾ ಎರಡು ದಿನ ನೋಡಿ" ಅಂದರು. ದುಡ್ಡು ಅಣ್ಣನೇ ಕೊಟ್ಟ. ಇದನ್ನೆಲ್ಲಾ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಅಣ್ಣ ಕೆಟ್ಟವನಲ್ಲ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವನು ಅವನೇ. ಸ್ವಲ್ಪ ಬಾಯಿ ಜಾಸ್ತಿ, ಅಷ್ಟೇ.

ವಾಪಸ್ ಬಂದಾಗ ಜಗಲಿ ಮೇಲೆ ಗುಡ್ಡೆ ಬಾಡು ಪಾಲು ಹಾಕುತ್ತಿದ್ದರು. ಎಲ್ಲರೂ ಸೇರಿದ್ದರು. ನನಗೆ ತಡೆಯಲು ಆಗಲಿಲ್ಲ. "ಇದು ಮನುಷ್ಯರು ಮಾಡೋ ಕೆಲಸಾನಾ ಅಣ್ಣ? ಕಟುಕ ನೀನು" ಅಂದುಬಿಟ್ಟೆ. ಎಲ್ಲರ ಮುಂದೆ ಅಂದೆ. ಆ ಮಾತಿಗೆ ನನಗೆ ಈಗ ನಿಜವಾಗಲೂ ಬೇಸರ ಇದೆ. ಅಣ್ಣನಿಗೆ ಅಂದಿದ್ದಕ್ಕೂ ಬೇಸರ, ಕಟುಕ ಅನ್ನುವುದನ್ನು ಬೈಗುಳ ಮಾಡಿದ್ದಕ್ಕೂ ಬೇಸರ. ಹೊಸತೊಡಕಿನ ದಿನ ಕತ್ತಲಿಗೇ ಎದ್ದು ಅವರ ಅಂಗಡಿ ಮುಂದೆ ಸಾಲು ನಿಲ್ಲುವವರು ನಾವೇ ಅಲ್ವಾ?

ಅಣ್ಣ ಮೊದಲು ಸಮಾಧಾನವಾಗೇ ಹೇಳಿದ. "ನಾಯಿಗೆ ಹಾಕಿದ್ದಲ್ಲ ಕಣಮ್ಮ, ಹಂದಿಗೆ. ಬೋರ್‌ವೆಲ್ ನೀರಲ್ಲಿ ಬೆಳೆದಿರೋ ಕಡಲೆಕಾಯಿ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದ್ರೆ ಬೆಳಿಗ್ಗೆ ಉತ್ತಂಗೆ ಇರ್ತೈತೆ ಹೊಲ." ನಾನು ಬಿಡಲಿಲ್ಲ. ಉರುಳು ಹಾಕುವುದೂ ಕಾನೂನಿನಲ್ಲಿ ಬೇಟೆಯೇ ಅಂದೆ. ಅದು ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರಾಣಿ ಸಾಯಲೇಬೇಕು ಅಂತಿಲ್ಲ. ಬಲೆ ಒಡ್ಡಿದರೂ, ಉರುಳು ಕಟ್ಟಿದರೂ, ಪ್ರಯತ್ನ ಪಟ್ಟರೂ ಅದು ಬೇಟೆಯೇ. ಹಂದಿಗೂ ಅಷ್ಟೇ, ಮೊಲಕ್ಕೂ ಅಷ್ಟೇ.

ಕಾನೂನು ಅಂದಿದ್ದೇ ಅವನ ಮುಖ ಬದಲಾಯ್ತು. "ಹೋದ ವರ್ಷ ಬೆಳೆ ಹೋಯ್ತು ಅಂತ ಪಹಣಿ, ಫೋಟೋ ಎಲ್ಲಾ ಇಟ್ಟು ಪರಿಹಾರಕ್ಕೆ ಅರ್ಜಿ ಕೊಟ್ಟೆ. ಎಷ್ಟು ಸಲ ಅಲೆದೆ ಗೊತ್ತಾ? ಆಗ ಎಲ್ಲೋಗಿತ್ತು ನಿನ್ನ ಕಾನೂನು?" ಅಂದ. ಆಮೇಲೆ ಒಂದರ ಹಿಂದೆ ಒಂದು ಬಂತು. "ರಾಜರು ಹೊಡೆದ್ರೆ ಅರಮನೇಲಿ ತಲೆ ತೂಗಾಕ್ತಾರೆ, ನಾವು ಹೊಡೆದ್ರೆ ಜೈಲಾ? ಕಣ್ಣಪ್ಪ ಶಿವನಿಗೆ ಇಟ್ಟಿದ್ದು ಬೇಟೆ ಮಾಂಸಾನೇ. ಶಿವ ಬೇಡ ಅಂದ್ನಾ?" ಜಗಲಿ ಮೇಲಿದ್ದವರು ತಲೆ ಆಡಿಸಿದರು. ಕೊನೆಗೆ ನನ್ನ ಕಡೆ ತಿರುಗಿ ಆ ಕೋಳಿ ಮಾತು ಕೇಳಿದ. ನಾನು ಸುಮ್ಮನಾದೆ. ಅತ್ತಿಗೆ ಒಳಗಿನಿಂದ "ಬೆಳಿಗ್ಗೆ ಬೆಳಿಗ್ಗೆ ಸಾಕು ಮಾಡ್ರಿ" ಅಂದಳು. ಈ ಉರುಳಿನ ಸಹವಾಸ ಅತ್ತಿಗೆಗೆ ಮೊದಲಿನಿಂದಲೂ ಇಷ್ಟವಿಲ್ಲ. ಆದರೆ ಅವಳ ಮಾತು ಆ ಮನೆಯಲ್ಲಿ ಅಡುಗೆಮನೆ ಬಾಗಿಲು ದಾಟಿದ್ದನ್ನು ನಾನು ನೋಡಿಲ್ಲ.

ಬೇಟೆ ಆಡುವವರನ್ನು ಯಾರಾದರೂ ಪ್ರಶ್ನೆ ಮಾಡಿದರೆ ಆ ಪ್ರಶ್ನೆ ಕೇಳಿದವರ ಕಡೆಗೇ ತಿರುಗುತ್ತದೆ. ನೀನು ತಿನ್ನಲ್ವಾ, ನೀನು ಚಪ್ಪಲಿ ಹಾಕಲ್ವಾ, ಗುಡ್ಡ ಬಗೆದು ಲೇಔಟ್ ಮಾಡಿದವರನ್ನು ಯಾಕೆ ಕೇಳಲ್ಲ? ಇವು ತಪ್ಪಿಸಿಕೊಳ್ಳುವ ಮಾತು ಅಂತಲೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಈ ವಾರ ಯೋಚಿಸಿದರೆ ಅದರಲ್ಲಿ ಬಹಳಷ್ಟು ನಿಜ ಇದೆ. ರಾಜರ ಮಾತನ್ನೇ ತೆಗೆದುಕೊಳ್ಳಿ. 1947ರಲ್ಲಿ ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿ ಮೂರು ಚೀತಾ ಹೊಡೆದ. ನಮ್ಮ ದೇಶದ ಕೊನೆಯ ಚೀತಾಗಳು ಅವೇ ಅನ್ನುತ್ತಾರೆ. 1952ರಲ್ಲಿ ಚೀತಾ ಅಳಿದುಹೋಯಿತು ಅಂತ ಸರ್ಕಾರವೇ ಹೇಳಿತು. 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ಎಂಟು ಚೀತಾ ತರಿಸಿದೆವು. ಆ ರಾಜನನ್ನು ಯಾರೂ ಜಗಲಿ ಮೇಲೆ ನಿಲ್ಲಿಸಿ ಕಟುಕ ಅನ್ನಲಿಲ್ಲ. ಅಣ್ಣನ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ.

ಅರ್ಥವಾಗದವರು ಬೇರೆ ಇದ್ದಾರೆ. ಪೇಟೆಯಿಂದ ಕಾರಿನಲ್ಲಿ ತಲೆ ಬ್ಯಾಟರಿ ಕಟ್ಟಿಕೊಂಡು ಮೊಲಕ್ಕೆ ಬರುವವರು. ಬೆಳಕು ಬಿದ್ದರೆ ಮೊಲ ಓಡದೆ ಹಾಗೇ ಕೂತುಬಿಡುತ್ತದೆ. ಅದನ್ನು ಹೊಡೆದು, ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಇವರಿಗೆ ಹೊಲ ಇಲ್ಲ, ಹಸಿವೂ ಇಲ್ಲ. ಅಣ್ಣ ತನ್ನ ನ್ಯಾಯ ಹೇಳುವಾಗ ಇವರನ್ನೂ ಸೇರಿಸಿಕೊಂಡು "ನಾವು" ಅನ್ನುತ್ತಾನಲ್ಲ, ಅದೇ ನನಗೆ ನೋವು.

ದೊಡ್ಡಪ್ಪನೂ ಬೇಟೆಗಾರನೇ. ಬಲೆ ಕಟ್ಟಿ, ಹತ್ತು ಹದಿನೈದು ಜನ ಗದ್ದಲ ಮಾಡುತ್ತಾ ಮೊಲ ಓಡಿಸುವ ಬೇಟೆ. ಚಿಕ್ಕವಳಿದ್ದಾಗ ಒಮ್ಮೆ ಹಟ ಮಾಡಿ ಜೊತೆಗೆ ಹೋಗಿದ್ದೆ. ಬಲೆಗೆ ಬಿದ್ದ ಮೊಲ ಕಿರುಚಿದ್ದು ಇನ್ನೂ ನೆನಪಿದೆ. ಸದಾ ಮೂಕವಾಗಿರುವ ಪ್ರಾಣಿ, ಸಾಯುವಾಗ ಮಗು ಅತ್ತ ಹಾಗೆ ಕಿರುಚುತ್ತದೆ. ದೊಡ್ಡಪ್ಪ ಒಂದೇ ಏಟಿಗೆ ಮುಗಿಸಿ, ಸ್ವಲ್ಪ ಹೊತ್ತು ಯಾರ ಜೊತೆಗೂ ಮಾತಾಡಲಿಲ್ಲ. ಆ ಸಾರು ನಾನೂ ತಿಂದಿದ್ದೇನೆ. ಆ ಕಾಲದ ಬೇಟೆ ಧರ್ಮದ್ದು, ಈಗಿನದು ಅಧರ್ಮದ್ದು ಅಂತ ನಾನು ಹೇಳಲಾರೆ. ಮೊಲಕ್ಕೆ ಎರಡೂ ಒಂದೇ. ಆದರೆ ದೊಡ್ಡಪ್ಪ ಅಲ್ಲಿ ನಿಂತಿದ್ದ.

ಗುರುವಾರ ಸಂಜೆ ಕೆಲಸ ಮುಗಿಸಿ ನಾನು ಕೋಳಿ ಅಂಗಡಿಗೆ ಹೋದೆ. ಅಣ್ಣನ ಪ್ರಶ್ನೆ ನನ್ನ ಮೇಲೆ ಹಾಗೇ ಉಳಿದಿತ್ತು. ವರ್ಷಗಟ್ಟಲೆ ಅದೇ ಅಂಗಡಿಗೆ ಹೋಗಿದ್ದೇನೆ. ತೂಕ ಹಾಕಿಸಿ, ಪಕ್ಕದ ತರಕಾರಿ ಗಾಡಿ ಹತ್ತಿರ ಹೋಗಿ ನಿಂತು, ಕವರ್ ಕೈಗೆ ಬಂದ ಮೇಲೆ ತಿರುಗುವುದು ನನ್ನ ಅಭ್ಯಾಸ. ಈ ಸಲ "ನಾನು ನೋಡಬೇಕು" ಅಂದೆ. ಅಂಗಡಿ ಹುಡುಗನಿಗೆ ಆಶ್ಚರ್ಯ. ಬೇಡ ಅನ್ನಲಿಲ್ಲ. ಅವನು ಕೋಳಿಯ ರೆಕ್ಕೆ ಒತ್ತಿ ಹಿಡಿದ, ಕುತ್ತಿಗೆ ಕುಯ್ದ, ಡ್ರಮ್ಮಿನೊಳಗೆ ಬಿಟ್ಟ. ಒಳಗೆ ದಡದಡ ಸದ್ದು. ಆಮೇಲೆ ಸದ್ದಿಲ್ಲ. ಆರು ವಾರದಲ್ಲಿ ಎರಡು ಕೆಜಿ ಬರುವ ಹಾಗೆ ಬೆಳೆಸಿದ ಹಕ್ಕಿ. ಮಣ್ಣು ಕೆದಕಿದ್ದೇ ಇಲ್ಲವೇನೋ. ಕಾಡಿನ ಮೊಲಕ್ಕೆ ಅಷ್ಟಾದರೂ ಬದುಕು ಸಿಕ್ಕಿತ್ತು. ಕವರ್ ಹಿಡಿದು ಮನೆಗೆ ಬಂದೆ. ಸಾರು ಮಾಡಿದೆ. ತಿಂದೆ. ಮುಚ್ಚಿಡುವುದಿಲ್ಲ.

ಹಾಗಾಗಿ ಅಣ್ಣ ಕೇಳಿದ್ದು ಸರಿ. ತಿನ್ನುವವರು ಒಮ್ಮೆಯಾದರೂ ನಿಂತು ನೋಡಬೇಕು. ಆದರೆ ರಾತ್ರಿ ಮಲಗಿದಾಗ ಅದೇ ಪ್ರಶ್ನೆ ಅವನ ಹೊಲದ ಕಡೆಗೆ ಹೋಯಿತು. ಅಂಗಡಿ ಹುಡುಗ ಕೋಳಿಯನ್ನು ಕೈಯಲ್ಲಿ ಹಿಡಿದಿದ್ದ. ದೊಡ್ಡಪ್ಪ ಮೊಲದ ಪಕ್ಕದಲ್ಲಿದ್ದ. ಕರಿಯ ಮಣ್ಣಿನ ಚಕ್ರ ತುಳಿಯುತ್ತಿದ್ದಾಗ ಅಲ್ಲಿ ಯಾರಿದ್ದರು? ಅಣ್ಣ ವೈರು ಕಟ್ಟಿ, ಮನೆಗೆ ಬಂದು, ಒಬ್ಬಟ್ಟು ತಿಂದು ಮಲಗಿದ್ದ. ಕರಿಯನ ಜಾಗದಲ್ಲಿ ಹಂದಿ ಇದ್ದಿದ್ದರೂ ಅದು ಹಾಗೇ ರಾತ್ರಿಯೆಲ್ಲಾ ಸುತ್ತುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಹಂದಿಗೆ ಹಾಕಿದ ಉರುಳಿಗೆ ಚಿರತೆ ಬಿದ್ದ ಸುದ್ದಿ ಎಷ್ಟು ಸಲ ಓದಿಲ್ಲ? ನಮ್ಮೂರಿನ ಆ ಕಡೆಗೆ ಮೈದನಹಳ್ಳಿ ಇದೆ. 798 ಎಕರೆ ಹುಲ್ಲುಗಾವಲು. 2007ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಮಾಡಿದರು. ಅಲ್ಲಿನ ಜಿಂಕೆಗಳಿಗೆ ಬೇಲಿಯ ಲೆಕ್ಕವಿಲ್ಲ, ರೈತರ ಹೊಲಕ್ಕೂ ಬರುತ್ತವೆ. ಒಂದು ಕೃಷ್ಣಮೃಗ ಕೊಂದರೆ ಕನಿಷ್ಠ 3 ವರ್ಷ ಜೈಲು. "ಜಿಂಕೆ ಮಾತ್ರ ನಾನು ಮುಟ್ಟಲ್ಲ, ಪಾಪ" ಅಂತ ಅಣ್ಣ ಎಷ್ಟೋ ಸಲ ಹೇಳಿದ್ದಾನೆ. ಅದು ಅವನ ಮನಸ್ಸಿನಿಂದ ಬಂದ ಮಾತೇ. ಆದರೆ ಅವನು ಮುಟ್ಟಲ್ಲ ಅನ್ನುವುದು ಬದುವಿನಲ್ಲಿರುವ ವೈರಿಗೆ ಹೇಗೆ ಗೊತ್ತಾಗಬೇಕು?

ಅವನ ಬೆಳೆ ಉಳಿಯಬೇಕು. ಅವನ ಮೇಲೆ ಸಾಲ ಇದೆ, ಅದು ಯಾವುದಕ್ಕೆ ತೆಗೆದದ್ದು ಅಂತ ನನಗೆ ಗೊತ್ತಿದೆ. ಪರಿಹಾರದ ಅರ್ಜಿಯನ್ನು ಈ ಸಲ ನಾನೇ ಕೂತು ಬರೆದುಕೊಡುತ್ತೇನೆ, ಬೇಕಾದರೆ ರಜೆ ಹಾಕಿ ಕಚೇರಿಗೂ ಬರುತ್ತೇನೆ. ಕಾಯ್ದೆಯ ಮಾತಾಡಿ ಬಸ್ಸು ಹತ್ತಿಬಿಡುವುದು ನನಗೆ ಸುಲಭ. ಹೊಲ ಕಾಯುವವನು ಅವನು.

ನಿನ್ನೆ ರಾತ್ರಿ ಫೋನ್ ಮಾಡಿದೆ. ಮೊದಲು ಕಟುಕ ಅಂದಿದ್ದಕ್ಕೆ ತಪ್ಪಾಯ್ತು ಅಂದೆ. "ಬಿಡಮ್ಮ, ನೀನಲ್ದೆ ಇನ್ಯಾರು ಅಂತಾರೆ" ಅಂದ. ಕರಿಯ ಎದ್ದು ಓಡಾಡುತ್ತಿದ್ದಾನಂತೆ, ಹೊಲದ ಕಡೆ ಮಾತ್ರ ಹೋಗುತ್ತಿಲ್ಲವಂತೆ. ಆಮೇಲೆ ಕೋಳಿ ಅಂಗಡಿಯ ವಿಷಯ ಹೇಳಿದೆ. ನಿಂತು ನೋಡಿದೆ ಅಣ್ಣ, ನೀನು ಕೇಳಿದ್ದು ಸರಿ ಅಂದೆ. ಅವನು ಏನೂ ಅನ್ನಲಿಲ್ಲ. ಹಾಗಾದರೆ ಆ ರಾತ್ರಿ ನೀನ್ಯಾಕೆ ಅಲ್ಲಿ ಇರಲಿಲ್ಲ ಅಂತ ಕೇಳಿದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಟಿವಿ ಸದ್ದು ಮಾತ್ರ ಕೇಳುತ್ತಿತ್ತು.

"ಮೊನ್ನೇನೇ ಬಿಚ್ಚಾಕಿದೆ ಕಣಮ್ಮ" ಅಂದ. "ಹಬ್ಬದ ದಿನ ನಾಲ್ಕು ಕಟ್ಟಿದ್ದೆ. ಕರಿಯಂದು ಸೇರಿ ಮೂರು ಸಿಕ್ತು. ಇನ್ನೊಂದು ಎಲ್ಲಿ ಕಟ್ಟಿದ್ದೆ ಅಂತ ನೆನಪೇ ಆಗ್ತಿಲ್ಲ. ನಾಳೆ ಬೆಳಕು ಹರಿದ ಮೇಲೆ ಇನ್ನೊಂದ್ ಸಲ ಹುಡುಕ್ತೀನಿ."