ಯಂಗ್ ಪ್ರಯೋಗ: ಪಟ್ಟೆ ಸಿಕ್ಕಿತು, ಕಳ್ಳ ತೂತಿನಲ್ಲೇ ಇದ್ದ

ಪಟ್ಟೆ ಮೂಡಿತು! ಒತ್ತುಪೆನ್ಸಿಲ್ಲಿಗೆ (ಮೆಕ್ಯಾನಿಕಲ್ ಪೆನ್ಸಿಲ್) ಹಾಕುವ ಸಣ್ಣ ಕಡ್ಡಿಯ ನೆರಳಿನ ನಟ್ಟನಡುವೆ ಬೆಳ್ಳಗೆ ಒಂದು ಗೆರೆ, ಎರಡೂ ಪಕ್ಕ ಕತ್ತಲೆ, ಅದರಾಚೆ ಅಂಚು ಕೆಂಪಾದ ಇನ್ನೊಂದು ಜೋಡಿ ಬೆಳಕು. ಲೇಸರ್ ಇಲ್ಲ, ಸೀಳೂ ಇಲ್ಲ. ಬಿಸಿಲು, ಕನ್ನಡಿ, ಒಂದು ತೂತು, ಒಂದು ಕಡ್ಡಿ, ಇಷ್ಟೇ. ಬೆಳಕು ಅಲೆ ಎಂದು ತೋರಿಸಿದ ಥಾಮಸ್ ಯಂಗ್ ಪ್ರಯೋಗ ಇಷ್ಟರಲ್ಲೇ ಮನೆಯಲ್ಲಿ ನಡೆಯಿತು.

ಈ ಪ್ರಯೋಗದ ಚರಿತ್ರೆಯನ್ನು ಹರಿಕಥೆಯ ಧಾಟಿಯಲ್ಲಿ ಹೇಳುವುದೇ ರೂಢಿ. ನ್ಯೂಟನ್ ಸಾಮ್ರಾಜ್ಯದಲ್ಲಿ ಬೆಳಕಿನ ಕಣಗಳು ಕೋವಿಯ ಗುಂಡಿನ ಹಾಗೆ ನೆಟ್ಟಗೆ ಓಡುತ್ತಿದ್ದವಂತೆ. ಲಂಡನ್ನಿನ ವೈದ್ಯ ಥಾಮಸ್ ಯಂಗ್ ರಟ್ಟಿನಲ್ಲಿ ಎರಡು ಸೀಳು ಕೊಯ್ದರಂತೆ. ಗೋಡೆಯ ಮೇಲೆ ಹುಲಿಪಟ್ಟೆ ಎದ್ದಿತು, ಕಣಗಳು ಗಂಟುಮೂಟೆ ಕಟ್ಟಿದವು, ಅಲೆಗಳಿಗೆ ಪಟ್ಟಾಭಿಷೇಕವಾಯಿತು, ಮಂಗಳಂ. ಕೇಳುವುದಕ್ಕೆ ಸೊಗಸು. ಆದರೆ 1803ರ ನವೆಂಬರ್ 24ರಂದು ಲಂಡನ್ನಿನ ವಿಜ್ಞಾನ ಸಂಘ ರಾಯಲ್ ಸೊಸೈಟಿಯಲ್ಲಿ ಯಂಗ್ ಓದಿದ ಪ್ರಬಂಧದ ಈ ಪ್ರಯೋಗದಲ್ಲಿ ಸೀಳೇ ಇಲ್ಲ! ಕಿಟಕಿ ಬಾಗಿಲಿನ ತೂತಿಗೆ ದಪ್ಪ ಕಾಗದ ಮುಚ್ಚಿ, ಸಣ್ಣ ಸೂಜಿಯಿಂದ ಚುಚ್ಚಿ, ಹೊರಗಿಟ್ಟ ಪುಟ್ಟ ಕನ್ನಡಿಯಿಂದ ಬಿಸಿಲನ್ನು ಎದುರು ಗೋಡೆಗೆ ಹಾಯಿಸಿದರು. ಆ ಬೆಳಕಿಗೆ ಅಡ್ಡ ಹಿಡಿದದ್ದು ಇಂಚಿನ ಮೂವತ್ತನೇ ಒಂದು ಭಾಗ ಅಗಲದ ಕಾರ್ಡಿನ ಚೂರು. ಚೂರಿನ ಎಡಬಲದಲ್ಲಿ ಬಾಗಿ ಒಳಬಂದ ಬೆಳಕು ನೆರಳಿನೊಳಗೆ ಕೂಡಿ ಪಟ್ಟೆ ಬರೆಯಿತು: ಅಲೆಯ ಉಬ್ಬಿಗೆ ಉಬ್ಬು ಸೇರಿದಲ್ಲಿ ಬೆಳಕು, ಉಬ್ಬಿಗೆ ತಗ್ಗು ಸೇರಿದಲ್ಲಿ ಕತ್ತಲೆ. ಎರಡು ಕಿಂಡಿಯ ವಿವರಣೆ ಬಂದದ್ದು 1807ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ.

ಪಟ್ಟಾಭಿಷೇಕವೂ ಅಷ್ಟು ಬೇಗ ಆಗಲಿಲ್ಲ. ನ್ಯೂಟನ್ ಪಕ್ಷಪಾತಿ ಹೆನ್ರಿ ಬ್ರೂಮ್ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಯಂಗ್ ಅವರ ಮೇಲೆ ಹರಿಹಾಯ್ದರು. ಯಂಗ್ ಉತ್ತರವಾಗಿ ಕಿರುಹೊತ್ತಗೆ ಅಚ್ಚು ಹಾಕಿಸಿದರು; ಮಾರಾಟವಾದದ್ದು ಒಂದೇ ಪ್ರತಿ ಎಂದು ಅವರೇ ಹೇಳಿಕೊಂಡರು. ಆ ಒಂದು ಪ್ರತಿ ಕೊಂಡ ಪುಣ್ಯಾತ್ಮನಿಗೆ ನಮಸ್ಕಾರ.

ಈಗ ತೂತಿನ ವಿಷಯ. ಎಲ್ಲ ತಲೆನೋವೂ ಇಲ್ಲೇ. ತೂತು ದೊಡ್ಡದಾದರೆ ಬೆಳಕು ಧಾರಾಳ, ಪಟ್ಟೆ ಸೊನ್ನೆ. ಚಿಕ್ಕದಾದರೆ ಪಟ್ಟೆ ಇರುತ್ತದೆ, ಕಾಣುವಷ್ಟು ಬೆಳಕಿರುವುದಿಲ್ಲ. ತೂತಿನ ಪ್ರತಿಯೊಂದು ಬಿಂದುವೂ ತನ್ನದೇ ಪಟ್ಟೆ ಬರೆಯುತ್ತದೆ. ಎಡ ಅಂಚಿನದು ಬರೆದ ಕಪ್ಪಿನ ಮೇಲೆ ಬಲ ಅಂಚಿನದು ಬೆಳಕು ಚೆಲ್ಲಿದರೆ ಕೊನೆಗೆ ಉಳಿಯುವುದು ಬರೀ ಬೂದು. ತೂತಿನಿಂದ ಕಡ್ಡಿಗೆ 2 ಮೀಟರ್, ಕಡ್ಡಿ 0.9 ಮಿ.ಮೀ., ಬೆಳಕಿನ ತರಂಗದೂರ (ಒಂದು ಅಲೆಯ ಉದ್ದ) 550 ನ್ಯಾನೊಮೀಟರ್ ಎಂದಿಟ್ಟುಕೊಂಡರೆ, 1.22 × ತರಂಗದೂರ × ದೂರ ÷ ಕಡ್ಡಿಯ ಅಗಲ, ಅಂದರೆ ಸುಮಾರು 1.5 ಮಿ.ಮೀ. ವ್ಯಾಸಕ್ಕೆ ಪಟ್ಟೆ ಪೂರಾ ಅಳಿಸಿಹೋಗುತ್ತದೆ. 1 ಮಿ.ಮೀ.ಗೆ ಕಪ್ಪುಬಿಳುಪಿನ ವ್ಯತ್ಯಾಸ ಮೂರನೇ ಒಂದಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. 0.3 ಮಿ.ಮೀ.ಗೆ ಹತ್ತರಲ್ಲಿ ಒಂಬತ್ತು ಪಾಲು! ಅದಕ್ಕೆ ತೆರುವ ಬೆಲೆ: ತೂತಿನಿಂದ ಎರಡೂವರೆ ಮೀಟರ್ ಆಚೆಗಿನ ಪರದೆಯ ಮೇಲೆ ಬೀಳುವುದು ಹತ್ತು ಹದಿನೈದು ಲಕ್ಸ್ (ಬೆಳಕಿನ ಅಳತೆ) ಮಾತ್ರ. ಬಾಗಿಲ ಸಂದಿಗೂ ಬಟ್ಟೆ ತುರುಕಿ ಕೋಣೆಯನ್ನು ಕಗ್ಗತ್ತಲೆ ಮಾಡದೆ ಏನೂ ಕಾಣದು.

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಬೇಡ. ಚುಚ್ಚಿದಾಗ ಹರಿದು ದಳದಳವಾಗಿ ಏಳುತ್ತದೆ, ಆ ಚೂರುಗಳೇ ಬೆಳಕನ್ನು ಚೆದುರಿಸುತ್ತವೆ. ತಂಪು ಪಾನೀಯದ ಡಬ್ಬಿಯ ತಗಡು ಒಳ್ಳೆಯದು. ಮರದ ಮೇಲಿಟ್ಟು ಸೂಜಿಯಿಂದ ಒತ್ತಿ ಗುಳಿ ಮಾಡಿ, ತೂತು ಬೀಳುವ ಮೊದಲೇ ನಿಲ್ಲಿಸಿ. ತಿರುವಿ ಹಾಕಿ, ಉಬ್ಬನ್ನು 600 ನಂಬರಿನ ಎಮರಿ ಕಾಗದದಿಂದ ಉಜ್ಜುತ್ತಾ ಹೋದರೆ ತುದಿ ತೆಳುವಾಗಿ ತಾನೇ ತೆರೆಯುತ್ತದೆ. ಸೂಜಿಮೊನೆಯನ್ನು ಒಮ್ಮೆ ತಿರುಗಿಸಿ ಅಂಚು ನಯ ಮಾಡಿ, 1200 ಡಿಪಿಐಯಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿ ಅಳೆಯಿರಿ: 14 ಪಿಕ್ಸೆಲ್ ಬಂದರೆ 0.3 ಮಿ.ಮೀ. "ಕರಾರುವಾಕ್ಕು ಸೂಜಿರಂಧ್ರ" ಎಂದು ಮಾರುವ ತಗಡುಗಳನ್ನೂ ಹೀಗೆ ಅಳೆಯದೆ ನಂಬಬಾರದು. ಚೀಟಿಯ ಮೇಲೆ 0.3, ತಗಡಿನಲ್ಲಿ 0.5ರ ಮೊಟ್ಟೆಯಾಕಾರ! ಮೊಟ್ಟೆಯ ಉದ್ದ ಕಡ್ಡಿಗೆ ಸಮಾಂತರವಾಗಿದ್ದರೆ ಪರವಾಗಿಲ್ಲ, ಪಟ್ಟೆ ಕೆಡುವುದಿಲ್ಲ, ಬೆಳಕು ಹೆಚ್ಚುತ್ತದೆ. ಅಡ್ಡಲಾದರೆ ಕೆಟ್ಟಿತು.

ಕಾರ್ಡಿನ ಬದಲು ಪೆನ್ಸಿಲ್ ಕಡ್ಡಿ ಏಕೆಂದರೆ, ಮದುವೆ ಕರೆಯೋಲೆಯ 20 ಮಿ.ಮೀ. ಅಗಲದ ತುಂಡನ್ನು ಅದರ ಅಂಚು ಬೆಳಕಿಗೆ ಎದುರಾಗುವಂತೆ ನಿಲ್ಲಿಸಿದರೆ ಬರೀ ಒಂದು ಡಿಗ್ರಿ ತಿರುವಿಗೆ ನೆರಳಿನ ಅಗಲ 0.35 ಮಿ.ಮೀ. ಹೆಚ್ಚುತ್ತದೆ. ದುಂಡು ಕಡ್ಡಿ ಹೇಗೆ ತಿರುಗಿದರೂ ಅಷ್ಟೇ ಅಗಲ, ಯಂಗ್ ಅವರ ಚೂರಿನ 0.85 ಮಿ.ಮೀ.ಗೆ ತೀರಾ ಹತ್ತಿರ. 0.9 ಕೇಳಿದರೆ ಅಂಗಡಿಗಳು 0.7 ಕೊಟ್ಟು ಕಳಿಸುತ್ತವೆ, ಡಬ್ಬಿ ನೋಡಿ ತನ್ನಿ. ಕಡ್ಡಿಯಿಂದ ಪರದೆಗೆ ಅರ್ಧ ಮೀಟರ್ ಇಟ್ಟರೆ ಪಟ್ಟೆಗಳ ನಡುವೆ 0.3 ಮಿ.ಮೀ., ನೆರಳಿನೊಳಗೆ ಮೂರೂವರೆ ಪಟ್ಟೆಗೆ ಜಾಗ. ಒಂದು ಮೀಟರಿಗೆ ಒಯ್ದರೆ ಅಂತರ 0.6ಕ್ಕೆ ಏರುತ್ತದೆ, ಪಟ್ಟೆ ಎರಡಕ್ಕೆ ಇಳಿಯುತ್ತದೆ. ಪರದೆಗೆ ನಯವಾದ ಟ್ರೇಸಿಂಗ್ ಕಾಗದ ಸಾಕು, ಹಿಂದಿನಿಂದ ಭೂತಗನ್ನಡಿಯಲ್ಲಿ ಕಾಗದವನ್ನು ನೋಡಿ. ಕಾಗದ ತೆಗೆದು ತೂತಿನತ್ತ ಕಣ್ಣಿಡಬೇಡಿ, ಆಚೆ ಇರುವುದು ಸೂರ್ಯ.

ಸೂರ್ಯ ನಿಲ್ಲುವುದೂ ಇಲ್ಲ. ಗಂಟೆಗೆ 15 ಡಿಗ್ರಿ. ಎರಡು ಮೀಟರಿನಾಚೆ ಬೀಳುವ ಬೆಳಕಿನ ಬಿಲ್ಲೆ ಸುಮಾರು 19 ಮಿ.ಮೀ., ಅದು ಎರಡೇ ನಿಮಿಷದಲ್ಲಿ ತನ್ನಷ್ಟೇ ದೂರ ಸರಿದುಬಿಡುತ್ತದೆ. ಕನ್ನಡಿಗೆ ಎರಡು ಸ್ಕ್ರೂಗಳಿರಲಿ, ನಿಮಿಷಕ್ಕೊಮ್ಮೆ ತಿರುವಲು ಒಬ್ಬರು ಹೊರಗಿರಲಿ. ಸಾಮಾನ್ಯ ಮುಖ ನೋಡುವ ಕನ್ನಡಿ ಸಾಕು. ಮುಂಬದಿಗೆ ಲೇಪನವಿರುವ ದುಬಾರಿ ಕನ್ನಡಿಯನ್ನು, ಬೆಳಕನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುವ ಮೈಕೆಲ್ಸನ್ ವ್ಯತಿಕರಣಮಾಪಕಕ್ಕೆ ಎತ್ತಿಡಿ, ಅಲ್ಲಿ ಗಾಜಿನ ಎರಡು ಮೇಲ್ಮೈಗಳ ಪ್ರತಿಫಲನ ನಿಜಕ್ಕೂ ಕಾಟ ಕೊಡುತ್ತದೆ.

ಪಟ್ಟೆ ನಿಜವೋ ಭ್ರಮೆಯೋ ಎಂಬ ಅನುಮಾನಕ್ಕೆ ಯಂಗ್ ಅವರದೇ ಪರೀಕ್ಷೆಯಿದೆ. ಕಡ್ಡಿಯ ಒಂದು ಪಕ್ಕಕ್ಕೆ ಬ್ಲೇಡನ್ನು ಮೆಲ್ಲಗೆ ತಂದು ಆ ಬದಿಯ ಬೆಳಕನ್ನಷ್ಟೇ ತಡೆಯಿರಿ. ನೆರಳಿನೊಳಗಿನ ಗೆರೆಗಳೆಲ್ಲ ಒಟ್ಟಿಗೆ ಮಾಯ! ಇನ್ನೊಂದು ಬದಿಯ ಬೆಳಕು ಎಂದಿನಂತೆ ಬರುತ್ತಲೇ ಇದೆ, ಆದರೂ ಕಪ್ಪಿದ್ದ ಜಾಗ ತುಸು ಬೆಳಗುತ್ತದೆ. ಬೆಳಕನ್ನು ಕಳೆದಾಗ ಕತ್ತಲೆ ಕಡಿಮೆಯಾಗುವುದನ್ನು ಕಣ್ಣಾರೆ ನೋಡಲೇಬೇಕು.

ಮುಂದಿನ ಪ್ರಯೋಗ ಇಂಗ್ಲೆಂಡಿನ ಭೌತವಿಜ್ಞಾನಿ ಜಿ. ಐ. ಟೇಲರ್ 1909ರಲ್ಲಿ ಮಾಡಿದ್ದು: ಅನಿಲದೀಪದ ಬೆಳಕನ್ನು ಮಸಿ ಹಿಡಿದ ಗಾಜಿನಿಂದ ಕುಗ್ಗಿಸಿ, ಸೂಜಿಯ ನೆರಳನ್ನು ಸುಮಾರು 2000 ಗಂಟೆ ಫೋಟೊ ಫಲಕದ ಮೇಲೆ ಬೀಳಿಸಿದ್ದು. ಅಷ್ಟು ಮಂದ ಬೆಳಕಿನಲ್ಲೂ ಪಟ್ಟೆ ಮೂಡಿತ್ತು. ಅನಿಲದೀಪಕ್ಕೆ ಎಲ್‌ಇಡಿ, ಮಸಿಗಾಜಿಗೆ ವೆಲ್ಡಿಂಗ್ ಗಾಜು ಸಿದ್ಧವಾಗಿವೆ. ಬೆಳಕು ಸೋರದ ಪೆಟ್ಟಿಗೆ ಇನ್ನೂ ಆಗಬೇಕು. ಪ್ಲೈವುಡ್ ಮೂಲೆಗಳಿಗೆ ಕಪ್ಪು ಸಿಲಿಕೋನ್ ಎರಡು ಸುತ್ತು ಹಚ್ಚಿ, ಒಳಗೆ ಟಾರ್ಚ್ ಹಾಕಿ, ಕತ್ತಲಲ್ಲಿ ಹೊರಗಿನಿಂದ ಸೋರಿಕೆ ಹುಡುಕುವುದರಿಂದ ಶುರು.