ಮೆಣಸಿನ ಖಾರ, ಮೂತ್ರಕೋಶದ ಕ್ಯಾನ್ಸರ್ ಮತ್ತು ಟಿಆರ್‌ಪಿವಿ1 ಎಂಬ ಚಾನೆಲ್

ಮೆಣಸಿನಕಾಯಿ ತಿಂದರೆ ಕ್ಯಾನ್ಸರ್ ಸಾಯುತ್ತದೆ ಎಂಬ ವಾಟ್ಸಾಪ್ ಸಂದೇಶ ಆಗಾಗ ಎದ್ದು ಬರುತ್ತದೆ. ಪೂರ್ತಿ ಸುಳ್ಳಾಗಿದ್ದರೆ ನಕ್ಕು ಅಳಿಸಿಬಿಡಬಹುದಿತ್ತು. ಮೂತ್ರಕೋಶದ ಕ್ಯಾನ್ಸರ್ ಮಟ್ಟಿಗೆ ಇದರ ಹಿಂದೆ ನಿಜವಾದ ಪ್ರಯೋಗಗಳಿವೆ. ಆದರೆ ಅವು ಹೇಳಿದ್ದನ್ನು ಅರ್ಧಕ್ಕೇ ನಿಲ್ಲಿಸಿ ಹಂಚಿದ್ದಾರೆ, ಉಳಿದರ್ಧ ತಿಳಿದರೆ ಯಾರೂ ಫಾರ್ವರ್ಡ್ ಮಾಡುತ್ತಿರಲಿಲ್ಲ.

ಜೀವಕೋಶದ ಪೊರೆ ಕೊಬ್ಬಿನದು. ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಅದನ್ನು ತಾವಾಗಿ ದಾಟಲಾರವು. ಅವಕ್ಕೆ ದಾರಿ ಬಿಡುವುದು ಪೊರೆಯಲ್ಲಿ ನಾಟಿಕೊಂಡಿರುವ ಅಯಾನು ಚಾನೆಲ್ ಪ್ರೋಟೀನ್‌ಗಳು. ಕ್ಯಾಲ್ಸಿಯಂ ಹೊರಗೆ 1ರಿಂದ 2 ಮಿಲಿಮೋಲಾರ್ (ದ್ರಾವಣದ ಗಾಢತೆಯ ಅಳತೆ; ಮೈಕ್ರೋಮೋಲಾರ್ ಅದರ ಸಾವಿರದಲ್ಲೊಂದು, ನ್ಯಾನೋಮೋಲಾರ್ ಹತ್ತು ಲಕ್ಷದಲ್ಲೊಂದು ಪಾಲು) ಇದ್ದರೆ ಒಳಗೆ ಸುಮಾರು 100 ನ್ಯಾನೋಮೋಲಾರ್, ಅಂದರೆ ಹತ್ತು ಸಾವಿರ ಪಟ್ಟಿಗೂ ಮೇಲಿನ ವ್ಯತ್ಯಾಸ. ಹಾಗಾಗಿ ಚಾನೆಲ್ ಅರೆಗಳಿಗೆ ತೆರೆದರೂ ಒಳಗಿನ ಲೆಕ್ಕ ಏರುಪೇರಾಗುತ್ತದೆ. ಕೋಶ ಒಡೆದು ಎರಡಾಗುವುದು, ಜಾಗ ಬಿಟ್ಟು ಸರಿಯುವುದು, ತನ್ನನ್ನು ತಾನೇ ಕೊಂದುಕೊಳ್ಳುವುದು, ಎಲ್ಲಕ್ಕೂ ಈ ಲೆಕ್ಕವೇ ಸಂಕೇತ.

ಮೂತ್ರಕೋಶದ ಒಳಪದರಕ್ಕೆ ಇಂಥ ಚಾನೆಲ್‌ಗಳು ಹೆಚ್ಚೇ ಬೇಕು. ಅದು ತುಂಬಿದಾಗ ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ, ಪಿಎಚ್ 4.5ರಿಂದ 8ರವರೆಗೆ ಬದಲಾಗುವ ದ್ರವವನ್ನು ತಾಳಿಕೊಳ್ಳುತ್ತದೆ. ಹಿಗ್ಗನ್ನು ಗುರುತಿಸಲು ಟಿಆರ್‌ಪಿವಿ4, ಪಿಯೆಜೊ1 ಇವೆ. ಬಿಸಿ, ಆಮ್ಲ ಮತ್ತು ಖಾರಕ್ಕೆ ತೆರೆಯುವುದು ಟಿಆರ್‌ಪಿವಿ1. ಖಾರದ ರಾಸಾಯನಿಕ ಕ್ಯಾಪ್ಸೈಸಿನ್ ನಾಲಿಗೆಯನ್ನು ಉರಿಸುವುದೂ ಇದೇ ಚಾನೆಲ್ ಮೂಲಕ. ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಮತ್ತು ಪಿಯೆಜೊ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಹುಟ್ಟುವುದು ಈ ಒಳಪದರದಲ್ಲೇ.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡದ್ದು ಇಷ್ಟು: ಆರೋಗ್ಯವಾಗಿರುವ ಪದರದಲ್ಲಿರುವ ಟಿಆರ್‌ಪಿವಿ1, ಗಡ್ಡೆಯ ಹಂತ ಏರಿದಂತೆ ಕ್ಷೀಣಿಸುತ್ತದೆ. 2009ರಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸುವ, ಅಷ್ಟೇನೂ ಉಗ್ರವಲ್ಲದ ಆರ್‌ಟಿ4 ಎಂಬ ಮೂತ್ರಕೋಶದ ಕ್ಯಾನ್ಸರ್ ಕೋಶಗಳಿಗೆ 100 ಮೈಕ್ರೋಮೋಲಾರ್ ಕ್ಯಾಪ್ಸೈಸಿನ್ ಹಾಕಿದಾಗ ಅವು ಫಾಸ್ ಎಂಬ ಮರಣ-ಸಂಕೇತದ ಹಾದಿ ಹಿಡಿದು ಸತ್ತವು. ವಾಟ್ಸಾಪ್ ಹಂಚುವುದು ಇಷ್ಟನ್ನು. 2011ರಲ್ಲಿ ಟಿಆರ್‌ಪಿವಿ1 ಇಲ್ಲದ, 5637 ಎಂಬ ಹೆಸರಿನ ಕ್ಯಾನ್ಸರ್ ಕೋಶಗಳ ಮೇಲೆ ಅದೇ ಕ್ಯಾಪ್ಸೈಸಿನ್ ಪ್ರಯೋಗಿಸಿದರು. ಅವು ಸಾಯುವ ಬದಲು ಇನ್ನಷ್ಟು ಆಕ್ರಮಣಕಾರಿಯಾದವು, ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಗುಣ ಹೆಚ್ಚಿತು. ಚಾನೆಲ್ ಇದ್ದರೆ ಒಂದು ಫಲ, ಇಲ್ಲದಿದ್ದರೆ ಅದಕ್ಕೆ ತದ್ವಿರುದ್ಧ. ಚಾನೆಲ್ ಕಳೆದುಕೊಳ್ಳುವವು ಹೆಚ್ಚಾಗಿ ಉಗ್ರ ಗಡ್ಡೆಗಳೇ ಆದ್ದರಿಂದ, ಔಷಧಿ ಯಾರಿಗೆ ತುರ್ತಾಗಿ ಬೇಕೋ ಅವರಿಗೇ ಇದು ತಿರುಗಿಬೀಳಬಹುದು.

ಇನ್ನು ಪ್ರಮಾಣ. 26.6 ಮಿಲಿಗ್ರಾಂ ಕ್ಯಾಪ್ಸೈಸಿನ್ ಇರುವಷ್ಟು ಮೆಣಸನ್ನು ನುಂಗಿದವರ ರಕ್ತದಲ್ಲಿ ಸಿಕ್ಕ ಗರಿಷ್ಠ ಮಟ್ಟ ಮಿಲಿಲೀಟರ್‌ಗೆ ಸುಮಾರು 2.5 ನ್ಯಾನೋಗ್ರಾಂ. ಮೋಲಾರ್ ಲೆಕ್ಕಕ್ಕೆ ತಂದರೆ 8 ನ್ಯಾನೋಮೋಲಾರ್. ಆರ್‌ಟಿ4 ಕೋಶಗಳನ್ನು ಕೊಂದ ಪ್ರಮಾಣ ಅದಕ್ಕಿಂತ ಹನ್ನೆರಡು ಸಾವಿರ ಪಟ್ಟು ಹೆಚ್ಚು. ಬ್ಯಾಡಗಿಯಂಥ ಖಾರ ಕಮ್ಮಿ, ಬಣ್ಣ ಜಾಸ್ತಿ ಇರುವ ಮೆಣಸಿನಿಂದಂತೂ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ. ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಂಡರೆ ಅದು ಮೂತ್ರಕೋಶದ ಕ್ಯಾನ್ಸರ್‌ನ ಲಕ್ಷಣವಿರಬಹುದು, ಸಾರಿಗೆ ಖಾರ ಹೆಚ್ಚಿಸುತ್ತಾ ಕೂರದೆ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞ) ಬಳಿ ಹೋಗಿ. ಒಂದು ಸಲ ಕಂಡು ನಿಂತುಹೋದರೂ ಹೋಗಿ.

ಪ್ರಯೋಗಾಲಯದಲ್ಲಿ ಇದನ್ನು ಮಾಡಹೊರಟವರಿಗೆ ಕೆಲವು ಮಾತು, ಏಕೆಂದರೆ ಫಲಿತಾಂಶ ಹೆಚ್ಚಾಗಿ ಕೆಡುವುದು ಇಲ್ಲಿ.

ಕ್ಯಾಪ್ಸೈಸಿನ್ ಅಣುತೂಕ 305.4. ಅನೇಕರು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್ ದ್ರಾವಣ ಮಾಡಿಟ್ಟುಕೊಳ್ಳುತ್ತಾರೆ. ಅದರಿಂದ 100 ಮೈಕ್ರೋಮೋಲಾರ್ ಮಾಡಿದರೆ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) ಡಿಎಂಎಸ್‌ಒ 1 ಶೇಕಡಾ ಆಗುತ್ತದೆ. ಅಷ್ಟಕ್ಕೇ ಕೋಶಗಳು ಬಳಲುತ್ತವೆ, ಸಾವಿನ ಪಾಲೆಷ್ಟು ಖಾರದ್ದು, ಎಷ್ಟು ದ್ರಾವಕದ್ದು ಎಂದು ಬಿಡಿಸಲಾಗದು. ಮಿಲಿಲೀಟರ್‌ಗೆ 30.5 ಮಿಲಿಗ್ರಾಂ ಹಾಕಿ 100 ಮಿಲಿಮೋಲಾರ್ ಮಾಡಿಕೊಳ್ಳಿ, ಆಗ ದ್ರಾವಕ 0.1 ಶೇಕಡಾಕ್ಕೆ ಇಳಿಯುತ್ತದೆ. ತೂಗುವಾಗ ಗ್ಲೋವ್ಸ್, ಮಾಸ್ಕ್ ಮರೆಯಬೇಡಿ, ಪುಡಿ ಹಾರಿದರೆ ಇಡೀ ಕೋಣೆ ಕೆಮ್ಮುತ್ತದೆ.

ಟಿಆರ್‌ಪಿವಿ1 ಅರ್ಧದಷ್ಟು ತೆರೆಯಲು ಸುಮಾರು 1 ಮೈಕ್ರೋಮೋಲಾರ್ ಸಾಕು. 100 ಮೈಕ್ರೋಮೋಲಾರ್‌ನಲ್ಲಿ ಕ್ಯಾಪ್ಸೈಸಿನ್ ಸೋಡಿಯಂ ಚಾನೆಲ್‌ಗಳನ್ನು ಮುಚ್ಚುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಮೊದಲ ಸಂಕೀರ್ಣವನ್ನೂ ತಡೆಯುತ್ತದೆ. ಹಾಗಾಗಿ ಕ್ಯಾಪ್ಸಜೆಪೀನ್‌ನಂಥ, ಟಿಆರ್‌ಪಿವಿ1ಗೆ ತಡೆಯೊಡ್ಡುವ ಔಷಧಿ ಕೊಟ್ಟಾಗ ಸಾವು ನಿಲ್ಲುತ್ತದೆಯೇ ಎಂದು ನೋಡದೆ ‘ಟಿಆರ್‌ಪಿವಿ1 ಮೂಲಕ’ ಎಂದು ಬರೆಯುವುದು ಅವಸರ. ನನ್ನ ಕೇಳಿದರೆ ಎಸ್‌ಐಆರ್‌ಎನ್‌ಎಯಿಂದ (ಒಂದು ಜೀನ್‌ನ ಕೆಲಸ ತಡೆಯುವ ಚಿಕ್ಕ ಆರ್‌ಎನ್‌ಎ) ಟಿಆರ್‌ಪಿವಿ1 ಜೀನ್ ಅಡಗಿಸಿಯೂ ನೋಡಬೇಕು.

ಚಾನೆಲ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಕ್ಯಾಲ್ಸಿಯಂ ತೋರಿಸುವ ಫ್ಯೂರಾ-2 ಎಎಂ ಬಣ್ಣವನ್ನು ಕೋಶಗಳಿಗೆ 2ರಿಂದ 5 ಮೈಕ್ರೋಮೋಲಾರ್‌ನಲ್ಲಿ 30 ನಿಮಿಷ ತುಂಬಿಸಿ, ತೊಳೆದು, ಇನ್ನೊಂದು 20–30 ನಿಮಿಷ ಬಿಡಿ. ಸೀರಂ ಇರುವ ಮೀಡಿಯಂನಲ್ಲಿ ತುಂಬಿಸಿದರೆ ಅದರ ಎಸ್ಟರೇಸ್ ಕಿಣ್ವಗಳು ಬಣ್ಣವನ್ನು ಹೊರಗೇ ಕತ್ತರಿಸಿಬಿಡುತ್ತವೆ. 340 ಮತ್ತು 380 ನ್ಯಾನೋಮೀಟರ್ ಬೆಳಕು ಬಿಟ್ಟು 510ರಲ್ಲಿ ಅಳೆಯಿರಿ. ಒಂದು ಬಟ್ಟಲಿಗೆ ಒಂದೇ ಸಲ ಕ್ಯಾಪ್ಸೈಸಿನ್: ಕ್ಯಾಲ್ಸಿಯಂ ಇರುವಾಗ ಟಿಆರ್‌ಪಿವಿ1 ಬೇಗ ಮರಗಟ್ಟುತ್ತದೆ, ಎರಡನೇ ಸಲದ ಪ್ರತಿಕ್ರಿಯೆ ಕುಗ್ಗಿರುತ್ತದೆ. ಕೊನೆಗೆ, ಕ್ಯಾಲ್ಸಿಯಂ ಒಳನುಗ್ಗಿಸುವ ಅಯನೋಮೈಸಿನ್ ಹಾಕಿ ಬಣ್ಣ ಸರಿಯಿದೆಯೇ ನೋಡಿ. ಟ್ರಿಪ್ಸಿನ್ ಕಿಣ್ವದಿಂದ ಬಟ್ಟಲಿನಿಂದ ಬಿಡಿಸಿದ ಕೋಶಗಳನ್ನು ಅದೇ ದಿನ ಬಳಸಬೇಡಿ, ಪೊರೆಯ ಪ್ರೋಟೀನ್‌ಗಳಿಗೂ ಟ್ರಿಪ್ಸಿನ್ ಪೆಟ್ಟು ಬಿದ್ದಿರುತ್ತದೆ. 24 ಗಂಟೆಯಾದರೂ ಕಾಯಿರಿ.

ಪ್ರೋಟೀನ್ ಎಲ್ಲಿದೆ ಎಂದು ಬಣ್ಣದಿಂದ ತೋರಿಸಲು ಬಳಸುವ ಆಂಟಿಬಾಡಿಗಳದ್ದು ದೊಡ್ಡ ತಲೆನೋವು. ಟಿಆರ್‌ಪಿವಿ1 ಜೀನನ್ನೇ ತೆಗೆದ ಇಲಿಯ ಮೂತ್ರಕೋಶವೂ ಕೆಲವು ಆಂಟಿಬಾಡಿಗಳಿಗೆ ಬಣ್ಣ ಹಿಡಿದದ್ದು 2009ರಲ್ಲೇ ಪ್ರಕಟವಾಗಿದೆ. ಹಳೆಯ ಚಿತ್ರಗಳನ್ನು ಈ ಕಾರಣಕ್ಕೆ ಅನುಮಾನದಿಂದಲೇ ನೋಡಬೇಕು. ಅದೃಷ್ಟಕ್ಕೆ, ಆಂಟಿಬಾಡಿ ಬೇಡದೆ ಎಂಆರ್‌ಎನ್‌ಎ (ಜೀನ್‌ನ ನಕಲು ಸಂದೇಶ) ಅಳೆದವರಿಗೂ ಟಿಆರ್‌ಪಿವಿ1 ಕಡಿಮೆಯಿರುವ ರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚು ಕಂಡಿದೆ. ಕೋಶದ ಹೆಸರನ್ನೂ ನಂಬಬೇಡಿ. ಇಜೆ ಎಂದು ಹಂಚಿದ ಕೋಶಗಳು ಟಿ24 ಎಂದೇ ಸಾಬೀತಾಗಿವೆ. ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎ ಗುರುತು ಪತ್ತೆ) ಮಾಡಿಸಿ.

ಈ ರೋಗದಲ್ಲಿ ಚಾನೆಲ್ ಔಷಧಿಗೆ ಒಂದು ಅನುಕೂಲವಿದೆ. ಹೃದಯದಲ್ಲೂ ಇರುವ ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲನ್ನು ತಡೆಯುವ ಔಷಧಿಗಳು ನುಂಗಿದರೆ ಮೈಯೆಲ್ಲ ಹರಡಿ ಹೃದಯದ ಲಯ ಕೆಡಿಸುತ್ತವೆ, ಅಲರ್ಜಿ ಮಾತ್ರೆ ಆಸ್ಟೆಮಿಜೋಲ್ ಮಾರುಕಟ್ಟೆ ಬಿಟ್ಟದ್ದು ಆ ಕಾರಣಕ್ಕೇ. ಮೂತ್ರಕೋಶಕ್ಕಾದರೋ ಕ್ಯಾಥೆಟರ್ ಮೂಲಕ ಔಷಧಿ ನೇರ ಸುರಿದು, ಹೊತ್ತಾದ ಮೇಲೆ ಹೊರಬಿಡಬಹುದು. ನರದ ತೊಂದರೆಯಿಂದ ಮೂತ್ರಕೋಶ ಅತಿಯಾಗಿ ಸೆಳೆತಗೊಳ್ಳುವವರಿಗೆ 30 ಶೇಕಡಾ ಆಲ್ಕೋಹಾಲಿನಲ್ಲಿ 1–2 ಮಿಲಿಮೋಲಾರ್ ಕ್ಯಾಪ್ಸೈಸಿನ್ ಹೀಗೆ ಕೊಟ್ಟದ್ದುಂಟು. ಉರಿ ವಿಪರೀತ, ಮರಗಟ್ಟಿಸುವ ಔಷಧಿ ಬೇಕಾಗುತ್ತದೆ. ಅಂದರೆ ಪ್ರಮಾಣ ತಲುಪಿಸುವುದು ಅಸಾಧ್ಯವಲ್ಲ.

ಆದರೂ ಕ್ಯಾನ್ಸರ್‌ಗೆ ಯೋಚಿಸುವುದಾದರೆ ಮೊದಲು ಆ ರೋಗಿಯ ಗಡ್ಡೆಯಲ್ಲಿ ಚಾನೆಲ್ ಇದೆಯೇ ತಿಳಿಯಬೇಕು. ಅದಕ್ಕೆ ಸ್ಯಾಂಪಲ್ ತೆಗೆಯುವಾಗಲೇ ಎಚ್ಚರ ಬೇಕು: ಕರೆಂಟಿನ ಲೂಪ್‌ನಿಂದ ಕೊಯ್ದ ಚೂರಿನ ಅಂಚು ಸುಟ್ಟಿರುತ್ತದೆ. ಫೋರ್ಸೆಪ್ಸ್‌ನಿಂದ ಕಿತ್ತ ಚೂರನ್ನು ಕೂಡಲೇ ಆರ್‌ಎನ್‌ಎ ಕೆಡದಂತೆ ಕಾಪಾಡುವ ದ್ರಾವಣಕ್ಕೆ ಹಾಕಿ, ಪಕ್ಕದ ಆರೋಗ್ಯಕರ ಪದರದ ಒಂದು ಚೂರನ್ನೂ ಹೋಲಿಕೆಗೆ ಜೊತೆಗಿಡಿ.