ತೂಕ ಸರಿಯಿತ್ತು, ಮಾತು ಬಂದಿರಲಿಲ್ಲ

ನಾನು ಕೆಲಸ ಮಾಡುವ ಅಂಗನವಾಡಿಗೆ ಆರು ತಿಂಗಳಿಗೊಮ್ಮೆ ಆರ್‌ಬಿಎಸ್‌ಕೆ ತಂಡ ಬರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದು. ಹುಟ್ಟಿನಿಂದ ಬಂದ ತೊಂದರೆ, ಅಪೌಷ್ಟಿಕತೆ, ಕಾಯಿಲೆಗಳ ಜೊತೆ ಬೆಳವಣಿಗೆ ತಡವಾಗಿದೆಯಾ ಅಂತಲೂ ನೋಡುತ್ತಾರೆ.

ಅವತ್ತು ಎರಡು ವರ್ಷದ ಹುಡುಗಿಯನ್ನು ಅಮ್ಮ, ಅಜ್ಜಿ ಕರೆತಂದಿದ್ದರು. ತಾಯಿ ಕಾರ್ಡ್‌ನಲ್ಲಿ ಲಸಿಕೆ ಒಂದೂ ತಪ್ಪಿರಲಿಲ್ಲ. ತೂಕವೂ ಹಸಿರು ಪಟ್ಟೆಯಲ್ಲೇ ಇತ್ತು. ಸಾಮಾನ್ಯವಾಗಿ ಅಲ್ಲಿಗೇ ಕಾರ್ಡ್ ಮಡಚಿಬಿಡುತ್ತಾರೆ.

"ಏನೇನು ಮಾತಾಡ್ತಾಳಮ್ಮ?" ಡಾಕ್ಟರ್ ಮೇಡಂ ಕೇಳಿದರು.

"ಇವಳಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು ಡಾಕ್ಟ್ರಮ್ಮ," ಅಂದರು ಅಜ್ಜಿ.

"ಅಜ್ಜಿ, ಸ್ವಲ್ಪ ಅವರು ಹೇಳ್ಲಿ."

ಸೊಸೆ ಮೆಲ್ಲಗೆ ಹೇಳಿದಳು: "ಹಿಂದಿನಿಂದ ಕರೆದ್ರೆ ತಿರುಗಲ್ಲ ಮೇಡಂ. ಎದುರಿಗೆ ಹೋಗಿ ನಿಂತ್ರೆ ಮಾತ್ರ ನೋಡ್ತಾಳೆ."

ತಾಯಿಗೆ ಗೊತ್ತಿತ್ತು. ಕೇಳುವವರು ಬೇಕಿತ್ತು, ಅಷ್ಟೇ.

ಮಗು ಮರದ ಬಿಲ್ಲೆ ಜೋಡಿಸುತ್ತಾ ಕೂತಿತ್ತು. ನರ್ಸ್ ಹಿಂದಿನಿಂದ ಬಂದು ಗಂಟೆ ಆಡಿಸಿದರು. ಬಾಗಿಲ ಹತ್ತಿರ ಆಡುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದವು. ಇವಳು ಮತ್ತೊಂದು ಬಿಲ್ಲೆ ಇಟ್ಟಳು. ನರ್ಸ್ ನೆರಳು ನೆಲದ ಮೇಲೆ ಬಿದ್ದದ್ದೇ ತಡ, ತಲೆ ಎತ್ತಿ ನಕ್ಕಳು. ಮನೆಯ ಉಳಿದವರಿಗೆ ಅನುಮಾನ ಬಾರದೆ ಇದ್ದದ್ದು ಇದಕ್ಕೇ ಇರಬೇಕು. ಕಣ್ಣು ಅಷ್ಟು ಚುರುಕು!

ಅಜ್ಜಿ ಅಳುವುದಕ್ಕೇ ಶುರು ಮಾಡಿದರು. "ಇದೇ ಕೊನೇ ಮಾತಲ್ಲ ಅಜ್ಜಿ, ನನಗೆ ಅನುಮಾನ ಬಂದಿದೆ. ಸರಿಯಾಗಿ ನೋಡ್ಸೋಣ," ಅಂತ ಮೇಡಂ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಚೀಟಿ ಬರೆದುಕೊಟ್ಟರು. ಸಿಕ್ಕಿದ ಮಕ್ಕಳಿಗೆಲ್ಲ ಹಣೆಪಟ್ಟಿ ಕಟ್ಟುವ ಕೆಲಸವಲ್ಲ ಇದು. ಯಾವ ಮಗುವನ್ನು ಇನ್ನೊಂದು ಸಲ ನೋಡಬೇಕು ಅಂತ ಹುಡುಕುವುದು.

ಅಲ್ಲಿ ಮಗುವನ್ನು ಮಲಗಿಸಿ, ತಲೆಗೆ ಸಣ್ಣ ವೈರ್ ಅಂಟಿಸಿ, ಕಿವಿ ಕೇಳುತ್ತದಾ ಅಂತ ನೋಡುವ 'ಬೇರಾ' ಪರೀಕ್ಷೆ ಮಾಡಿದರಂತೆ. ಎರಡೂ ಕಿವಿಯಲ್ಲಿ ದೋಷ ಇತ್ತು. ಈಗ ಕಿವಿಗೆ ಮೆಷಿನ್ ಹಾಕಿದ್ದಾರೆ. ಮಾತು ಕಲಿಸುವ ತರಗತಿಯಲ್ಲಿ ಮಗುವಿನ ಜೊತೆ ತಾಯಿಯೂ ಕೂರಬೇಕು, ಅದನ್ನೇ ಮನೆಯಲ್ಲೂ ಮಾಡಿಸಬೇಕು. ಸುಲಭ ಅಲ್ಲ. ಕೂಲಿ ತಪ್ಪುತ್ತದೆ, ಮಗು ಮೆಷಿನ್ ಕಿತ್ತು ಬಿಸಾಡುತ್ತದೆ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದ್ದು ದೊಡ್ಡ ಅನುಕೂಲ ಆಗಿದೆ. ಸೊಸೆಗೆ ಗದ್ದೆ ಕೆಲಸ ಇದ್ದ ದಿನ ಅಜ್ಜಿಯೇ ಮೊಮ್ಮಗಳನ್ನು ಎತ್ತಿಕೊಂಡು ಬಸ್ ಹತ್ತುತ್ತಾರೆ.